ಪಲುಗುರಾಯಿ ಸ್ಫಟಿಕವಾದದ್ದು

ನಮ್ಮ ಅತ್ತೆ ಸತ್ತು ಬಹಳ ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ. ಅವರು ಬದುಕಿದ್ದಾಗ ಬಾಯಿ ಬಿಡಲು ಬಿಟ್ಟಿದ್ದರೆ ಈಗ ಆಡುವ ಅಗತ್ಯವೇ ಇರುತ್ತಿರಲಿಲ್ಲ.

ನನಗೆ ಕಲ್ಲಿನ ಹುಚ್ಚು ಹತ್ತಿದ್ದು ತವರಿನಲ್ಲಿ, ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ. ಐವತ್ತರ ದಶಕದ ಮೊದಲ ವರ್ಷಗಳು. ಹಿಪ್ಪುನೇರಳೆ ತೋಟಗಳಿಗೆ ನೀರು ಬೇಕೆಂದು ಊರ ಸುತ್ತ ಬಾವಿ ತೋಡಿಸುತ್ತಿದ್ದರು. ಮಣ್ಣು ಮುಗಿದು ಬಂಡೆ ಸಿಕ್ಕರೆ ಸಿಡಿಮದ್ದು ಇಡುತ್ತಿದ್ದರು. ಮೇಲೆ ತಂದು ಸುರಿದ ಕಲ್ಲಿನ ರಾಶಿಯಲ್ಲಿ ಒಮ್ಮೊಮ್ಮೆ ಒಂದು ಪೊಟರೆ ಬಾಯಿ ತೆರೆದಿರುತ್ತಿತ್ತು. ಅದರೊಳಗೆ ಹರಳುಗಳು, ಯಾರೋ ಕೂತು ಸಾಣೆ ಹಿಡಿದ ಹಾಗೆ. ಯಾರೂ ಹಿಡಿದದ್ದಲ್ಲ, ನೆಲದೊಳಗೆ ತಾವೇ ಹಾಗೆ ಬೆಳೆದಿದ್ದವು ಎಂಬುದನ್ನು ನನಗೆ ನಂಬಲಾಗುತ್ತಿರಲಿಲ್ಲ. ಕಲ್ಲು ಹೊರುವ ಹೆಂಗಸರಿಗೆ ಹುಣಸೆಹಣ್ಣು, ಬೆಲ್ಲ ಕೊಟ್ಟು ಒಂದೊಂದೇ ಕೊಳ್ಳುತ್ತಿದ್ದೆ. ಊರಿನವರಿಗೆ ಅವೆಲ್ಲ ಪಲುಗುರಾಯಿ. ತೆಲುಗಿನ ಮಾತು, ಕನ್ನಡದಲ್ಲಿ ಬೆಣಚುಕಲ್ಲು. ನೇಗಿಲಿಗೆ ಅಡ್ಡ ಬರುವ, ಬೀದಿನಾಯಿಗೆ ಎಸೆಯುವ ಕಲ್ಲು.

ಶಿಡ್ಲಘಟ್ಟಕ್ಕೆ ಮದುವೆಯಾಗಿ ಬಂದಾಗ ನನ್ನ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಅವೂ ಬಂದವು. ಅತ್ತೆಯದು ರೇಷ್ಮೆಗೂಡು ಕೊಂಡು ನೂಲು ಬಿಚ್ಚುವ ಮನೆ. ಟ್ರಂಕು ತೆಗೆದು ನೋಡಿದವರೇ ಬೀದಿಗೆ ಕೇಳುವ ಹಾಗೆ ಕೂಗಿದರು.

"ಬಂಗಾರ ಹಾಕ್ತೀವಿ ಅಂದೋರು ಪಲುಗುರಾಯಿ ಹಾಕಿ ಕಳ್ಸವ್ರೆ, ನೋಡ್ರಪ್ಪೋ!"

"ಬಿಡಮ್ಮ," ಎಂದರು ಯಜಮಾನರು. "ಮಕ್ಕಳಾದ್ರೆ ಸರಿಹೋಗ್ತಾಳೆ."

ಮಕ್ಕಳಾದವು. ನಾನು ಸರಿಹೋಗಲಿಲ್ಲ. ಕಲ್ಲುಗಳನ್ನು ಮಂಕರಿಗೆ ತುಂಬಿ ಮಂಚದ ಕೆಳಗೆ ತಳ್ಳಿ, ಮಧ್ಯಾಹ್ನ ಎಲ್ಲರೂ ಮಲಗಿದಾಗ ತೆಗೆದು ಒರೆಸಿ ಇಡುತ್ತಿದ್ದೆ.

ಆ ದೊಡ್ಡ ಕಲ್ಲು ಸಿಕ್ಕಿದ್ದು ಒಂದು ಗೌರಿ ಹಬ್ಬಕ್ಕೆ ತವರಿಗೆ ಹೋದಾಗ. ಹೊಸ ಬಾವಿಯ ದಡದಲ್ಲಿ ಕಲ್ಲು ಹೊರುವವಳೊಬ್ಬಳು ಅದನ್ನು ಒಲೆಗುಂಡಿಗೆಂದು ಎತ್ತಿಟ್ಟುಕೊಂಡಿದ್ದಳು. ಅಂಗೈಯಷ್ಟು ಅಗಲದ ಬಿಳಿ ಕಲ್ಲಿನ ಮೇಲೆ ಮೂರು ಹರಳು ನೆಟ್ಟಗೆ ನಿಂತಿದ್ದವು. ನಡುವಿನದು ನನ್ನ ಹೆಬ್ಬೆರಳಿಗಿಂತ ಎತ್ತರ. ನೀರಿನಂತೆ ತಿಳಿ, ಒಳಗೆ ಕೂದಲೆಳೆಯಂಥ ಕಪ್ಪು ಸೂಜಿಗಳು. ನನ್ನ ಎದೆ ಹೊಡೆದುಕೊಂಡ ಸದ್ದು ಅವಳಿಗೂ ಕೇಳಿಸಿರಬೇಕು.

"ಬೆಲ್ಲ ಕೊಡ್ತೀನಿ, ಕೊಡ್ತೀಯಾ?"

"ಮೊಕ ನೋಡಿದ್ರೆ ಬೆಲ್ಲದ ಕಲ್ಲಲ್ಲ ಇದು," ಎಂದಳು ಕಿಲಾಡಿ. "ಬಾಗಿನಕ್ಕೆ ಸೀರೆ ಬಂದೈತಲ್ಲ, ಅದು ಕೊಡು."

ಕೊಟ್ಟೆ. ಕಲ್ಲಿಗೆ ಸೀರೆ ಕೊಟ್ಟ ಹುಚ್ಚಿ ಎಂದು ಅವಳು ಬಾವಿಯೊಳಗಿದ್ದವರಿಗೆಲ್ಲ ಕೂಗಿ ಹೇಳಿ ನಕ್ಕಳು. ನಗಲಿ. ಆ ಸೀರೆಯ ಬಣ್ಣ ಈಗ ನನಗೆ ನೆನಪೇ ಇಲ್ಲ. ಕಲ್ಲನ್ನು ನೂಲು ಬಿಚ್ಚಿ ಉಳಿದ ರೇಷ್ಮೆಯ ಜೂಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ.

ಆಮೇಲೆ ಅರವತ್ತರ ದಶಕ ಬಂತು. ಚಿಕ್ಕಬಳ್ಳಾಪುರದಲ್ಲಿ ನನ್ನ ಅಣ್ಣ ಮೇಷ್ಟ್ರು. ನಾನು ಅವನ ಮನೆಗೆ ಹೋಗಿದ್ದಾಗ ಬೆಂಗಳೂರಿನ ಕಾಲೇಜೊಂದರ ಭೂವಿಜ್ಞಾನದ ಪ್ರೊಫೆಸರು ಹುಡುಗರನ್ನು ಕಟ್ಟಿಕೊಂಡು ಕಳವಾರ ಬೆಟ್ಟದ ಬಂಡೆ ನೋಡಲು ಬಂದು ಅಣ್ಣನ ಶಾಲೆಯಲ್ಲೇ ಇಳಿದುಕೊಂಡಿದ್ದರು. ಅವರು ಅಣ್ಣನ ಮನೆಗೆ ಊಟಕ್ಕೆ ಬಂದಾಗ ಬಡಿಸುತ್ತ ನಾನು ನನ್ನ ಕಲ್ಲಿನ ವಿಷಯ ಹೇಳಿಬಿಟ್ಟೆ. ಅವರು ಅನ್ನ ಕಲಸುವುದು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ನೀವು ಹೇಳಿದ ಹಾಗೇ ಇದ್ರೆ ಅದು ಸ್ಫಟಿಕ ಕಣಮ್ಮ. ಹುಟ್ಟಿದ ಕಲ್ಲಿನ ಮೇಲೇ ನಿಂತಿರೋದು ಅಪರೂಪ. ಮುಂದಿನ ವರ್ಷ ಬಂದು ನೋಡ್ತೀನಿ. ಕೊಟ್ರೆ ಕಾಲೇಜಿನ ಬೀರೂನಲ್ಲಿ ಇಡ್ತೀವಿ, ಕೆಳಗೆ ಚೀಟೀಲಿ ನಿಮ್ಮ ಹೆಸರು."

ನನ್ನ ಹೆಸರು! ಆ ಮನೆಯಲ್ಲಿ ನಾನು 'ಏಯ್' ಇಲ್ಲವೇ 'ಇವಳೇ'. ನನ್ನ ಹೆಸರನ್ನು ಒಬ್ಬರು ಕಾಗದದ ಮೇಲೆ ಬರೆದು, ನೂರು ಜನ ಓದಲಿ ಎಂದು ಗಾಜಿನ ಹಿಂದೆ ಇಡುತ್ತಾರೆ! ಅಂಥ ಆಸೆ ನನಗೆ ಅದಕ್ಕೆ ಮೊದಲು ಯಾವುದರ ಮೇಲೂ ಹುಟ್ಟಿರಲಿಲ್ಲ.

ಮನೆಗೆ ಬಂದವಳೇ ಮಾತು ತೆಗೆದೆ. ಕೊಡಬೇಕಾದರೆ ಯಜಮಾನರು ಒಪ್ಪಬೇಕು, ಅವರು ಒಪ್ಪಬೇಕಾದರೆ ಅತ್ತೆ ಒಪ್ಪಬೇಕು. ಪಲುಗುರಾಯಿ ಎಂದರೆ ನಗುತ್ತಾರೆ, ತೂಕದ ಮಾತಾಡೋಣ ಎಂದು ಪ್ರೊಫೆಸರು ಆಡಿದ ಪದವನ್ನೇ ಆಡಿದೆ.

"ಅತ್ತೆ, ಅದು ಸುಮ್ನೆ ಕಲ್ಲಲ್ಲ. ಸ್ಫಟಿಕ."

ಅತ್ತೆ ಕೇರುತ್ತಿದ್ದ ಮೊರ ನಿಂತಿತು. "ಏನಂದೆ?"

"ಸ್ಫಟಿಕ ಅಂತೆ."

"ಅಯ್ಯೋ ಪಾಪಿಮುಂಡೆ! ಸ್ಫಟಿಕಲಿಂಗಾನ ಮಂಚದ ಕೆಳಗಿಟ್ಟು ಅದರ ಮೇಲೆ ಮಲಗ್ತಿದ್ದೀಯೇನೇ ಇಷ್ಟು ವರ್ಷದಿಂದ?"

ಮುಗಿಯಿತು. ಅತ್ತೆ ತಲೆಗೆ ನೀರು ಹಾಕಿಕೊಂಡು ಬಂದು ಕಲ್ಲನ್ನು ಸೆರಗಿನಲ್ಲಿ ಎತ್ತಿ ದೇವರ ಗೂಡಿನಲ್ಲಿಟ್ಟರು. ನಡುವಿನದು ಈಶ್ವರ, ಎಡಕ್ಕೆ ಪಾರ್ವತಿ, ಬಲಕ್ಕೆ ಗಣಪತಿ. ಕಂಚಿನ ಪಾತ್ರೆಯ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿದರು, ಎಣ್ಣೆ ಸವರಿದರು. ಹರಳಿನ ಬುಡದ ಸಂದಿಗಳಲ್ಲೆಲ್ಲ ಕುಂಕುಮ ಕೂತಿತು.

"ಕಾಲೇಜಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ," ಎಂದೆ.

"ದೇವರನ್ನ ಕಾಲೇಜಿಗೆ ಕೊಡ್ತಾರೇನೇ?" ಎಂದು ಯಜಮಾನರೇ ಗದರಿದರು. ಕುಂಕುಮ ಬಿದ್ದ ಮೇಲೆ ಕಲ್ಲು ನನ್ನದಲ್ಲ. ನನ್ನದೇ ಕಲ್ಲಿನ ಮುಂದೆ ದಿನವೂ ಕೈಮುಗಿದು ನಿಂತೆ. ಅದಕ್ಕೆ ಏನೂ ಆಗದಿರಲಿ ಎಂದು ಅದನ್ನೇ ಬೇಡಿಕೊಂಡೆ.

ಆಯಿತು. ಕಾರ್ತಿಕ ಸೋಮವಾರ ಅತ್ತೆ ಹರಳಿನ ಬುಡದಲ್ಲೇ ಒಂದು ಹಿಡಿ ಕರ್ಪೂರ ಹಚ್ಚಿದರು. ಬೇಡ ಅತ್ತೆ, ಕಾವಿಗೆ ಬಿರಿಯುತ್ತದೆ ಎಂದೆ. "ಈಶ್ವರನಿಗೆ ಬೆಂಕಿ ಲೆಕ್ಕವೇನೇ?" ಎಂದರು. ಬೆಂಕಿ ಆರುತ್ತಿದ್ದಂತೆ ಬಾವಿಯಿಂದ ಆಗತಾನೇ ಸೇದಿ ತಂದ ನೀರನ್ನು ಬಿಂದಿಗೆಯಿಂದ ಸುರಿದರು. ಟಿಕ್ ಎಂದಿತು. ಹಲ್ಲು ಮುರಿದಷ್ಟೇ ಸದ್ದು. ನಡುವಿನ ಹರಳಿಗೆ ಅಡ್ಡಡ್ಡ ಬಿರುಕು.

ಅತ್ತೆ ಬಿಂದಿಗೆ ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಹೊರಗಾದಾಗ ಮುಟ್ಟಿದ್ದೀಯ."

ಮುಟ್ಟಿದ್ದೆ! ವರ್ಷಗಟ್ಟಲೆ ಮುಟ್ಟಿದ್ದೆ, ತಿಂಗಳಿನ ಎಲ್ಲ ದಿನವೂ ಮುಟ್ಟಿದ್ದೆ, ಬಸಿರಾಗಿದ್ದಾಗ ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದೆ. "ಆಗ ಬಿರೀದೆ ಇದ್ದದ್ದು ಈಗ್ಯಾಕೆ ಬಿರೀತು? ಬೆಂಕಿ ಇಟ್ಟೋರು ಯಾರು?" ಎಂದು ಬಾಯಿಬಿಟ್ಟು ಕೇಳಿದೆ. ಯಜಮಾನರು ಕೆನ್ನೆಗೆ ಹೊಡೆದರು. ಅವರು ಹೊಡೆದದ್ದು ಅದೊಂದೇ ಸಲ. ಅದನ್ನು ಅವರು ದೊಡ್ಡ ಗುಣವೆಂಬಂತೆ ಹೇಳಿಕೊಳ್ಳುತ್ತಿದ್ದರು.

ಭಿನ್ನವಾದ ದೇವರು ಮನೆಯಲ್ಲಿರಬಾರದು, ನೀರಿಗೆ ಬಿಡಬೇಕು. ತಪ್ಪು ಯಾರದೋ ಅವರೇ ಬಿಡಬೇಕು ಎಂದು ಅತ್ತೆ ಸೇರಿಸಿದರು. ಒದ್ದೆ ಸೀರೆಯಲ್ಲಿ ಕಲ್ಲನ್ನು ತಲೆಯ ಮೇಲೆ ಹೊತ್ತು ಕೆರೆಗೆ ಹೋಗಿ ಎದೆಮಟ್ಟ ನೀರಿನಲ್ಲಿ ನಿಂತು ಬಿಟ್ಟೆ. ಮನೆಗೆ ಬಂದರೆ ಮಂಕರಿ ಖಾಲಿ. ನೂಲು ಬಿಚ್ಚುವ ಕೊಟ್ಟಿಗೆಗೆ ಗಾರೆ ಹಾಕಿಸುತ್ತಿದ್ದರು. ಮಿಕ್ಕ ಹರಳುಗಳನ್ನು, ನನ್ನ ಕೆಂಚಾರ್ಲಹಳ್ಳಿಯ ಎಲ್ಲ ಹರಳುಗಳನ್ನು, ಜಲ್ಲಿಯ ಜೊತೆ ಕುಟ್ಟಿ ನೆಲಕ್ಕೆ ತುಂಬಿಸಿದ್ದರು. ಅಂದು ನಾನು ಅತ್ತ ಹಾಗೆ ನನ್ನ ತಂದೆ ಹೋದಾಗಲೂ ಅಳಲಿಲ್ಲ.

ದೇವರ ಗೂಡು ಬರಿದಾಗಿರಬಾರದು ಎಂದು ಯಜಮಾನರು ಗೌರಿಬಿದನೂರಿನಲ್ಲಿ ಒಬ್ಬ ರುದ್ರಾಕ್ಷಿ ವ್ಯಾಪಾರಿಯ ಹತ್ತಿರ ಹೊಸ ಲಿಂಗ ತಂದರು. ದುಂಡಗೆ, ನುಣ್ಣಗೆ, ಮೊಟ್ಟೆಯಷ್ಟು ದಪ್ಪ. ತಂದ ದಿನವೇ ಕಿಟಕಿಯ ಬೆಳಕಿನಲ್ಲಿ ನೋಡಿದೆ. ಒಳಗೆ ಸಾಸಿವೆಯಷ್ಟು ಒಂದು ಗಾಳಿಗುಳ್ಳೆ. ಅಪ್ಪಟ ಗಾಜು. ಹೇಳಲಿಲ್ಲ. ಪೂಜಿಸಿಕೊಳ್ಳಲಿ ಎಂದು ಒಳಗೊಳಗೇ ಖುಷಿಪಟ್ಟೆ. ನನಗೆ ಉಳಿದಿದ್ದ ಸಂತೋಷ ಅದೊಂದೇ.

ಪ್ರೊಫೆಸರು ಮರೆತಿರುತ್ತಾರೆ ಎಂದುಕೊಂಡಿದ್ದೆ. ಮರುವರ್ಷ ಇಬ್ಬರು ವಿದ್ಯಾರ್ಥಿಗಳ ಜೊತೆ ಮನೆ ಹುಡುಕಿಕೊಂಡು ಬಂದೇಬಿಟ್ಟರು. ನಾನು ಅಡಿಗೆಮನೆಯಿಂದ ಬರುವಷ್ಟರಲ್ಲಿ ಯಜಮಾನರು ಹೊಸ ಲಿಂಗವನ್ನು ತಟ್ಟೆಯಲ್ಲಿಟ್ಟು ತಂದಿದ್ದರು.

"ಅದು ಭಿನ್ನ ಆಯ್ತು ಸಾರ್, ನೀರಿಗೆ ಬಿಟ್ವಿ. ಅದೂ ಇಂಥದ್ದೇ. ಇದು ಇನ್ನೂ ಚೆಂದ."

ಪ್ರೊಫೆಸರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಬಹಳ ಮೆತ್ತಗೆ, ನನ್ನ ಮರ್ಯಾದೆ ಉಳಿಸುವವರ ಹಾಗೆ, ಹೇಳಿದರು.

"ಬೇಜಾರು ಮಾಡ್ಕೋಬೇಡಿ ಅಮ್ಮ. ಇದು ಗಾಜು."

"ನನಗೆ ಗೊತ್ತು ಸಾರ್. ನನ್ನದು ಇದಲ್ಲ, ನನ್ನದು ಕಲ್ಲಿನ ಮೇಲೆ..."

"ಇವಳಿಗೇನು ಗೊತ್ತು ಸಾರ್," ಎಂದು ಯಜಮಾನರು ನಕ್ಕರು. "ತೋರ್ಸೋಕೆ ಬೇರೆ ಒಂದಾದ್ರೂ ಇದೆಯಾ ಕೇಳಿ."

ಇರಲಿಲ್ಲ. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ಪ್ರೊಫೆಸರಿಗೆ ನನ್ನ ಮೇಲೆ ಕನಿಕರ ಬಂತು. ಚೀಲದಿಂದ ಕಿರುಬೆರಳಿನಷ್ಟು ಒಂದು ಹರಳು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ನೋಡಿ ಅಮ್ಮ, ನಿಜವಾದ ಸ್ಫಟಿಕ ಅಂದ್ರೆ ಇದು. ಇದಕ್ಕೆ ಆರು ಮುಖ ಇರುತ್ತೆ. ಬೆರಳಿಟ್ಟು ಎಣಿಸಿ, ಗೊತ್ತಾಗುತ್ತೆ."

ಅತ್ತೆ ನೋಡುತ್ತಿದ್ದರು. ಯಜಮಾನರು, ಮಕ್ಕಳು, ಆ ವಿದ್ಯಾರ್ಥಿಗಳು, ಎಲ್ಲರೂ ನೋಡುತ್ತಿದ್ದರು. ನಾನು ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ, ಒಂದರಿಂದ ಆರರವರೆಗೆ ಎಣಿಸಿದೆ.