ಮಶೇರಿ ಡಬ್ಬಿ ಮತ್ತು ರವಿವಾರದ ಸರ್

ರೊಟ್ಟಿ ಮುರಿದು ಬಾಯಿಗಿಟ್ಟೆ. ಕೆಳದವಡೆಯ ಹಲ್ಲು ಅಲುಗಾಡಿತು. ಅದು ಹುಟ್ಟಿನ ಹಲ್ಲಲ್ಲ, ಎಲುಬಿಗೆ ಸ್ಕ್ರೂ ಕೂರಿಸಿ ಹಾಕಿದ ಇಂಪ್ಲಾಂಟ್. ಜೀವ ಇರುವ ತನಕ ಬರುತ್ತದೆ ಎಂದಿದ್ದರು. ಆ ವರ್ಷದ ದೀಪಾವಳಿಯನ್ನೂ ಕಾಣಲಿಲ್ಲ.

ನಿಪ್ಪಾಣಿಯ ನಮ್ಮ ಡಾಕ್ಟರು ಹಲ್ಲು ಕೀಳುತ್ತಾರೆ. ಸ್ಕ್ರೂ ಹಾಕಲು ರವಿವಾರ ಗಡಿಯಾಚೆಯಿಂದ ಒಬ್ಬ ಸರ್ ಕಾರಿನಲ್ಲಿ ಬರುತ್ತಾರೆ. ಬೆಳಿಗ್ಗೆ ಚಿಕ್ಕೋಡಿ, ಮಧ್ಯಾಹ್ನ ನಿಪ್ಪಾಣಿ. ಉಳಿದ ದಿನ ರಾಯಬಾಗ, ಅಥಣಿ. ಅವರು ನನ್ನ ಮುಖಕ್ಕಿಂತ ಎಕ್ಸ್‌ರೇಯನ್ನೇ ಹೆಚ್ಚು ನೋಡಿದರು. ಶುಗರ್ ಕೇಳಿದರು, ಬಿಪಿ ಕೇಳಿದರು. ಸ್ಕ್ರೂ ಕೂರಿಸಿ, ಬಾಯಿ ಸ್ವಚ್ಛ ಇಟ್ಟುಕೊಳ್ಳಿ ಎಂದು ಹೇಳಿ ಹೊರಟರು.

ಇಟ್ಟುಕೊಂಡೆ. ನಮ್ಮ ತಂಬಾಕಿನ ಸೀಮೆಯ ಹೆಂಗಸರು ಹಲ್ಲುಜ್ಜುವುದು ಮಶೇರಿಯಿಂದ, ಅಂದರೆ ತವೆಯ ಮೇಲೆ ಕಪ್ಪಗೆ ಹುರಿದ ತಂಬಾಕಿನ ಪುಡಿಯಿಂದ. ಅವ್ವ ಹಚ್ಚುತ್ತಿದ್ದಳು, ಅತ್ತೆಯೂ ಹಚ್ಚುತ್ತಿದ್ದರು. ಹೊಸ ಹಲ್ಲಿನ ಕಾಳಜಿಗೆಂದು ನಾನು ಮುಂಜಾನೆಯ ಜೊತೆಗೆ ಸಂಜೆಯೂ ಹಚ್ಚಿದೆ.

ಒಸಡು ಬಾತು ಕೀವು ಬಂತು.

ಡಾಕ್ಟರು ಸ್ಕ್ರೂ ತೆಗೆದು ಸ್ಟೀಲ್ ಟ್ರೇಗೆ ಹಾಕಿದರು. ಇನ್‌ಫೆಕ್ಷನ್, ಎಲುಬು ಹಿಡಿದಿಲ್ಲ ಎಂದರು. ಹಲ್ಲಿಗೆ ಏನು ಹಚ್ಚುತ್ತೀರಿ ಎಂದು ಆಗ ಕೇಳಿದರು. ಹೇಳಿದೆ. ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಲೇ ಹೊರಗೆ ಕೂತವರಿಗೆಲ್ಲ ಕೇಳುವಂತೆ ನಕ್ಕರು.

"ತಂಬಾಕ ತಿಕ್ಕಿದ್ರ ಇಂಪ್ಲಾಂಟ್ ಹೆಂಗ ನಿಲ್ಲತೈತ್ರಿ ಕಾಕು? ತಪ್ಪ ನಿಮ್ದ ಐತಿ."

"ಮೊದಲ ಯಾಕ ಕೇಳಲಿಲ್ರಿ?"

"ಅದನ್ನ ಸರ್‌ಗೆ ಕೇಳಬೇಕ್ರಿ."

ಸರ್ ಆ ದಿನ ಅಥಣಿಯಲ್ಲಿದ್ದರು.

ನೋವು ಇಳಿಯಿತು, ಸಿಟ್ಟು ಇಳಿಯಲಿಲ್ಲ. ಹೋದದ್ದು ಹೋಯಿತು ಬಿಡು ಎಂದರು ನನ್ನ ಯಜಮಾನರು. ಅವರ ಬಾಯಲ್ಲಿ ಹಲ್ಲೆಲ್ಲ ಇವೆ, ಹೇಳುತ್ತಾರೆ. ತಪ್ಪು ತಮ್ಮದು ಎಂಬ ಮಾತು ಆ ಡಾಕ್ಟರುಗಳ ಬಾಯಿಂದ, ಆ ಕ್ಲಿನಿಕ್ಕಿನಲ್ಲೇ, ಆ ನಗುವಿನಷ್ಟೇ ಜೋರಾಗಿ ಕೇಳಬೇಕಿತ್ತು ನನಗೆ.

ಮಶೇರಿಯನ್ನು ಬಿಟ್ಟೆ, ಡಬ್ಬಿಯನ್ನು ಬಿಡಲಿಲ್ಲ. ರವಿವಾರ ಅದನ್ನು ಹಿಡಿದುಕೊಂಡು ಹೋಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೆ. ಇಂಪ್ಲಾಂಟ್‌ಗೆ ಬಂದ ಹೆಂಗಸರಿಗೆಲ್ಲ ಡಬ್ಬಿ ತೆರೆದು ತೋರಿಸಿದೆ, ಬಾಯಿ ತೆರೆದು ಖಾಲಿ ಜಾಗ ತೋರಿಸಿದೆ. ಇದನ್ನು ಹಚ್ಚುತ್ತೀರಾ, ಒಳಗೆ ಯಾರಾದರೂ ಕೇಳಿದರಾ ಎಂದೆ. ಕರೋಶಿಯಿಂದ ಬಂದ ಅಕ್ಕತಂಗಿಯರು ಎದ್ದೇ ಹೋದರು. ಡಾಕ್ಟರು ಕೈಮುಗಿದು ಬೇಡಿಕೊಂಡರು. ಅವರ ಮುಖ ಸಣ್ಣಗಾದದ್ದು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಮರುವಾರವೂ ಹೋದೆ. ಅದರ ಮರುವಾರವೂ.

ಕೊನೆಗೊಂದು ರವಿವಾರ ಸರ್ ತಾವೇ ಹೊರಗೆ ಬಂದರು. ನನ್ನ ಪಕ್ಕದಲ್ಲಿ ಯಡೂರಿನ ಅಜ್ಜಿಯೊಬ್ಬಳು ಕೂತಿದ್ದಳು. ಕೈಯಲ್ಲಿದ್ದ ಎಕ್ಸ್‌ರೇ ಕೆಳಗಿಳಿಸಿ ಆಕೆಯ ಮುಖ ನೋಡಿದರು.

"ಆಜಿ, ಮಶೇರಿ ಹಚ್ಚತೀರೇನ್ರಿ?"

ಆಕೆ ಹೌದೆಂದು ತಲೆ ಆಡಿಸಿದಳು.

"ಮೊದಲ ಅದನ್ನ ಬಿಡ್ರಿ, ಆಮ್ಯಾಲ ಹಲ್ಲ. ಈ ಕಾಕುಗ ನಾ ಕೇಳಲಿಲ್ಲ. ತಪ್ಪ ನಂದ."

ಬೆಂಚಿನವರೆಲ್ಲ ಕೇಳಿಸಿಕೊಂಡರು.

ಹೊಸದು ಹಾಕಿಕೊಡುತ್ತೇನೆ ಎಂದರು. ಬೇಡ ಎಂದೆ. ಗಾಯ ಮಾಗಿದೆ, ಇನ್ನೊಂದು ಬದಿಯಲ್ಲಿ ರೊಟ್ಟಿ ಅಗಿಯಲು ಬರುತ್ತದೆ. ಅಷ್ಟಕ್ಕೆ ದೇವರಿಗೆ ಶರಣು. ಆದರೂ ಒಮ್ಮೊಮ್ಮೆ ರವಿವಾರ ಡಬ್ಬಿ ಹಿಡಿದು ಆ ಬೆಂಚಿನ ಮೇಲೆ ಸುಮ್ಮನೆ ಹೋಗಿ ಕೂರುತ್ತೇನೆ. ನಾನು ಕಣ್ಣಿಗೆ ಬಿದ್ದರೆ ಸರ್ ಕೇಳುವುದನ್ನು ಮರೆಯುವುದಿಲ್ಲ.