ಕಡೆಯ ರೀಲು ಬರುವವರೆಗೆ

ಶನಿವಾರ. ವಾಡಿ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟೂರಿಂಗ್ ಟಾಕೀಸಿನ ಡೇರೆಯೊಳಗೆ ಯಂಕಮ್ಮ ಶೇಂಗಾ ಸಿಪ್ಪೆ, ಬೀಡಿ ತುಂಡು ಗುಡಿಸುತ್ತಿದ್ದಾರೆ. ಎಡಗೈಯಲ್ಲಿ ಎರಡು ಬೆರಳಿಲ್ಲ. ಪೊಲೀಸ್ ಆ್ಯಕ್ಷನ್ ಆದ ವರ್ಷ ಶಹಾಬಾದಿನ ಗಣಿಯಲ್ಲಿ ಕಲ್ಲು ಹೊರುವಾಗ ಹೋದವು. ಗುಡಿಸುತ್ತಲೇ ತುಟಿ ಆಡಿಸುತ್ತಾರೆ. ಹಾಡೇನೋ ಅಂದುಕೊಂಡೆ. ಅಲ್ಲವಂತೆ, ನಾಳೆ ಭಾನುವಾರದ ಪಾಠವಂತೆ!

ರೈಲ್ವೆ ಕ್ವಾರ್ಟರ್ಸಿನ ಹಿಂದೆ ಕ್ರೈಸ್ತರ ತಗಡಿನ ಪ್ರಾರ್ಥನಾ ಮನೆಯಿದೆ. ಅಲ್ಲಿ ಗಣಿ ಕೆಲಸದ ಹೆಂಗಸರಿಗೆ ಯಂಕಮ್ಮನೇ ಉಪದೇಶಿ. ಪಾಠ ಹುಟ್ಟುವುದು ಮಾತ್ರ ಆ ವಾರದ ಸಿನಿಮಾದಿಂದ.

“ನನಗ ಓದ್ಲಿಕ್ಕ ಬರಲ್ರಿ,” ಎನ್ನುತ್ತಾರೆ. “ಓದು ಬಂದೋರು ಪುಸ್ತಕದಾಗ ಹುಡುಕ್ತಾರ, ನಾ ಸಿನಿಮಾ ಪಡದಾದಾಗ ಹುಡುಕ್ತೀನಿ. ದೇವರಿಗೇನು, ಎಲ್ಲಾ ಕಡಿ ಸಿಗ್ತಾನ.”

ಕ್ರೈಸ್ತ ಸಭೆಗೆ ಸೇರಿದಾಗ ಹೆಸರು ಬದಲಿಸಿಕೋ ಎಂದರಂತೆ. “ದೇವರು ಹಳೇ ಹೆಸರಿನ ಮ್ಯಾಲೇ ಕರದಾನಲ್ರಿ, ಅವನಿಗೆ ಗುರ್ತು ತಪ್ಪಬಾರದು,” ಎಂದು ಒಪ್ಪಲಿಲ್ಲ.

ದಿನಕ್ಕೆ ಎರಡು ಆಟ, ವಾರಕ್ಕೊಂದು ಚಿತ್ರ. ಹದಿನಾಲ್ಕು ಸಲ ನೋಡಿದರೆ ಖಳನ ಸಂಕಟವೂ ತಿಳಿಯುತ್ತದೆ. ಕೇಳಲು ಮೂವತ್ತಾರು ಹೆಂಗಸರು ಬರುತ್ತಾರೆ, ಕೆಲವರು ಆರು ಮೈಲಿ ನಡೆದು. ಒಮ್ಮೆ ಆಟದ ನಡುವೆ ರೀಲು ಹರಿದದ್ದೂ ಅವರಿಗೊಂದು ಪಾಠವಾಯಿತು. “ರಾಜಾ ಹೋದ, ರಾಣಿ ಹೋದ್ಳು, ಅರಮನಿನೂ ಹೋತು. ಬೆಳಕು ಮಾತ್ರ ಪಡದಾ ಮ್ಯಾಲ ಹಂಗೇ ನಿಂತಿತ್ತು. ನಿತ್ಯಜೀವ ಅಂದ್ರ ಏನವ್ವಾ ಅಂತ ಕೇಳಿದ್ರ ನಾ ಆ ಬೆಳಕು ನೆನಪು ಮಾಡ್ತೀನಿ.”

ಸಭೆಯ ಹಿರಿಯ ನರಸಪ್ಪನವರಿಗೆ ಇದು ಹಿಡಿಸಿಲ್ಲ. ಮೂವತ್ತು ವರ್ಷ ಇದೇ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವರು, ಹಳಿ ತಪ್ಪಿದ್ದನ್ನು ಸಹಿಸುವವರಲ್ಲ. ಸಿನಿಮಾ ಡೇರೆ ಸೈತಾನನ ಮನೆ. ಡೇರೆ ಬಿಡು, ಇಲ್ಲವೇ ಪಾಠ ಬಿಡು ಎಂದಿದ್ದಾರೆ. ನಾಳೆಯೇ ತೀರ್ಮಾನ.

“ಎರಡೂ ಬಿಡಂಗಿಲ್ರಿ,” ಯಂಕಮ್ಮ ಕಸಬರಿಗೆ ನೆಲಕ್ಕೆ ಕುಟ್ಟುತ್ತಾರೆ. “ತಗಡಿನ ಕೆಳಗ ಬ್ಯಾಡಂದ್ರ ಬೇವಿನ ಗಿಡದ ಕೆಳಗ ಹೇಳ್ತೀನಿ. ಈ ಹೆಣ್ಣುಮಕ್ಕಳಿಗಿ ಹೇಳೋರು ಮತ್ತ್ಯಾರದಾರ?”

ಅಂದೇ ಸಂಜೆ, ಮೊದಲ ಆಟಕ್ಕೆ, ಪಾಪವನ್ನು ಕಣ್ಣಾರೆ ಕಂಡೇ ಬಿಡೋಣವೆಂದು ನರಸಪ್ಪನವರು ತಲೆಗೆ ಟವೆಲ್ ಹೊದ್ದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಚಿತ್ತಾಪುರದ ಡೇರೆಗೂ ವಾಡಿಯ ಡೇರೆಗೂ ಚಿತ್ರದ ಪ್ರತಿ ಒಂದೇ. ಅಲ್ಲಿ ತೋರಿಸಿ ಮುಗಿಸಿದ ರೀಲು ರೈಲಿನಲ್ಲಿ ಇಲ್ಲಿಗೆ ಬರಬೇಕು. ಪರದೆಯ ಮೇಲೆ ಕುರುಡಿ ತಾಯೊಬ್ಬಳು ದೂರ ಹೋದ ಮಗನಿಗಾಗಿ ಬಾಗಿಲಲ್ಲಿ ನಿಂತಿದ್ದಾಳೆ. ಅಷ್ಟರಲ್ಲಿ ರೀಲು ಮುಗಿಯಿತು. ಮಷಿನ್ ನಡೆಸುವ ಹಾಜಿಮಲಂಗ್ ಕೂಗಿ ಹೇಳಿದರು: “ಗಾಡಿ ಲೇಟ್ ಅದರಿ, ಕಡೀ ರೀಲ್ ಬಂದಿಲ್ಲ!”

ಮುಕ್ಕಾಲು ಗಂಟೆಯಾಯಿತು. ಒಬ್ಬರೂ ಏಳಲೊಲ್ಲರು. ಯಂಕಮ್ಮ ಕಂದೀಲು ಹಿಡಿದು ಹಿಂದಿನ ಸಾಲಿಗೆ ಬಂದರು.

“ಹಿರೇರ, ಪಾಪದ ಜಾಗಾರಿ ಇದು. ಮನೀಗಿ ನಡೀರಿ.”

“ಏ, ಸುಮ್ಕಿರವ್ವ! ಮಗ ಬರ್ತಾನೋ ಇಲ್ಲೋ ನೋಡೇ ಹೋಗ್ತೀನಿ.”

“ರೀಲ್ ನಿಮ್ಮ ಕಣ್ಣಿಗಿ ಕಂಡದೇನ್ರಿ?”

“ಕಾಣೂದೇನದ? ಗಾಡ್ಯಾಗದ. ಗಾಡಿ ತಡಾ ಆದೀತು, ಬರದೇ ಇರಂಗಿಲ್ಲ.”

“ನಾ ಐತವಾರ ಹೇಳೂದು ಇಷ್ಟೇರಿ,” ಎಂದರು ಯಂಕಮ್ಮ.

ನರಸಪ್ಪನವರು ಟವೆಲ್ ಇನ್ನಷ್ಟು ಮುಂದೆ ಎಳೆದುಕೊಂಡರು. ಗಾಡಿ ಬಂತು, ರೀಲೂ ಬಂತು. ಮಗ ಬಂದಾಗ ಅದೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡದ್ದನ್ನು ಪಕ್ಕದಲ್ಲೇ ಕೂತಿದ್ದ ನಾನು ನೋಡಿದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ.

ಭಾನುವಾರ ಪ್ರಾರ್ಥನಾ ಮನೆ ತುಂಬಿದೆ. ಹೆಂಗಸರ ಕಣ್ಣೆಲ್ಲ ಹಿರಿಯರ ಮೇಲೆ. ನರಸಪ್ಪನವರು ಎದ್ದರು. “ಯಂಕಮ್ಮ, ನಿನ್ನಿ ಗಾಡಿ ತಡಾ ಆಗಿದ್ದು ಹೇಳವ್ವ,” ಎಂದು ಕುರ್ಚಿ ಬಿಟ್ಟು ಕೆಳಗೆ ಚಾಪೆಯ ಮೇಲೆ ಕೂತರು.

ಪಾಠ ಮುಗಿದ ಮೇಲೆ ಕೇಳಿದೆ: ನಿಮಗೇನು ಆಸೆ, ಯಂಕಮ್ಮ?

“ಏನಿಲ್ರಿ. ಕಡೀ ರೀಲ್ ಬರೋತನಕ ನಮ್ಮೋರು ಯಾರೂ ನಡುವ ಎದ್ದು ಹೋಗಬಾರದು. ಕುಂದರ್ಸೋ ಕೆಲಸ ನಂದು.”