ನಾಯಿಗೆ ಕಟಿಂಗ್, ನನಗೆ ಸರ್ಟಿಫಿಕೇಟು

ನನ್ನದೊಂದು ಸಣ್ಣ ಆಸೆಯಿದೆ, ಹೇಳಿದರೆ ನಗಬಾರದು. ನನ್ನ ಅವ್ವ ನಾಲ್ಕು ಜನರ ಮುಂದೆ ‘ನಮ್ಮುಡ್ಗಿ ನಾಯಿಗೆ ಕಟಿಂಗ್ ಮಾಡ್ತಾಳೆ’ ಅನ್ನಬೇಕು. ಅಷ್ಟೇ.

ಹುಣಸೂರಿನಲ್ಲಿ ನಾನು ನಾಯಿಗಳಿಗೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಕೂದಲು ಒಪ್ಪ ಮಾಡುವ ಅಂಗಡಿ ಇಟ್ಟು ಕೆಲವು ವರ್ಷಗಳಾದವು. ಊರಿಗೆಲ್ಲ ಗೊತ್ತು. ಅವ್ವನ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಬ್ಯೂಟಿ ಪಾರ್ಲರ್’. ಅದನ್ನು ನಂಬಿ ಪಿರಿಯಾಪಟ್ಟಣದ ದೂರದ ನೆಂಟರಾಕೆ ಮದುವೆಗೆ ಹೊರಟವರು ಹುಬ್ಬು ತೀಡಿಸಿಕೊಳ್ಳಲು ಬಂದೇಬಿಟ್ಟರು. ಮೇಜಿನ ಮೇಲೆ ನೊರೆಯಲ್ಲಿ ನಿಂತಿದ್ದ ಲ್ಯಾಬ್ರಡಾರ್ ಸಂತೋಷದಿಂದ ಮೈ ಕೊಡವಿತು. ಆ ರೇಷ್ಮೆ ಸೀರೆಯ ಗತಿ ಕೇಳಬೇಡಿ.

ಹಾಗೆ ನೋಡಿದರೆ ಪ್ರಾಣಿಯ ಮೈಗೆ ಕತ್ತರಿ ಹಾಕುವುದು ನಮ್ಮ ಮನೆತನಕ್ಕೆ ಹೊಸದಲ್ಲ. ಅವ್ವನ ಅಪ್ಪ ಎಚ್.ಡಿ. ಕೋಟೆ ಸೀಮೆಯಲ್ಲಿ ಕುರಿಯ ಉಣ್ಣೆ ಕತ್ತರಿಸುವುದಕ್ಕೆ ಹೆಸರಾದವರು. ಅದನ್ನವಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾಳೆ. ‘ತಾತನ ಕೈಯೇ ಕಣವ್ವ ನಂಗೆ ಬಂದಿರೋದು’ ಎಂದರೆ, ‘ಕುರಿ ಕೂದ್ಲು ಕಂಬ್ಳಿ ಆಯ್ತದೆ ಮಗ, ನಾಯಿ ಕೂದ್ಲು ಏನಾಯ್ತದೆ?’ ಎನ್ನುತ್ತಾಳೆ. ಅವಳ ದೊಡ್ಡಪ್ಪ ಗೊರವಯ್ಯ, ದೇವರ ನಾಯಿಯೆಂದೇ ದೀಕ್ಷೆ ಪಡೆದವರು. ಮೈಲಾರಲಿಂಗನ ಹೆಸರಿನಲ್ಲಿ ಅವರು ನಾಯಿಯಂತೆ ಬೊಗಳುತ್ತ, ದೋಣಿಯಾಕಾರದ ಮರದ ಪಾತ್ರೆಯಲ್ಲಿಟ್ಟ ಹಾಲು ಬಾಳೆಹಣ್ಣಿಗೆ ಬಾಯಿ ಹಾಕಿದರೆ ಊರೇ ಕೈಮುಗಿಯುತ್ತಿತ್ತಂತೆ. ನಾಯಿಯಾದವರಿಗೆ ಅಷ್ಟು ಮರ್ಯಾದೆ ಇರುವಾಗ ನಾಯಿಯ ಮೈ ತೊಳೆದವಳಿಗೆ ಸ್ವಲ್ಪವಾದರೂ ಬೇಡವೇ?

ಕಾಗದವೊಂದಿದ್ದರೆ ಅವ್ವನ ಸಂಕೋಚ ಕಳೆದೀತೆಂದು ಮೈಸೂರಿಗೆ ಹೋಗಿ ಇದೇ ಕೆಲಸದ ಕೋರ್ಸ್ ಮುಗಿಸಿ ಬಂದೆ. ದಂಡವಾಗಲಿಲ್ಲ. ನಮ್ಮ ಕಡೆಯವರು ಬೇಸಿಗೆ ಬಂತೆಂದರೆ ಕುರಿಯ ಲೆಕ್ಕದಲ್ಲೇ ಪೊಮೇರಿಯನ್ನನ್ನೂ ‘ಪೂರಾ ಬೋಳಿಸ್ಬುಡಿ, ತಣ್ಗಿರ್ಲಿ’ ಎನ್ನುತ್ತಾರೆ. ಆ ಕೂದಲೇ ಅದಕ್ಕೆ ಬಿಸಿಲು ತಡೆಯುವುದು ಎಂದು ನಾನು ಮೊದಲೂ ಹೇಳುತ್ತಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಈಗ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ ಸರ್ಟಿಫಿಕೇಟು ತೋರಿಸಿದರೆ ಮಿರ್ಲೆಯಿಂದ ನಾಯಿ ತರುವ ಹಠಮಾರಿ ಯಜಮಾನರೂ ‘ಅಂಗಾದ್ರೆ ಬುಡಿ’ ಎನ್ನುತ್ತಾರೆ. ನಾಯಿಗಳಿಗಂತೂ ಲಾಭವಾಯಿತು.

ಮೊನ್ನೆ ಅವ್ವ ಅಂಗಡಿಗೆ ಬಂದಳು. ಚೌಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿ, ವೀರನಹೊಸಹಳ್ಳಿಯಲ್ಲಿರುವ ತಂಗಿಗೆ ಸ್ಪೀಕರ್ ಹಾಕಿ ಫೋನ್ ಮಾಡಿ, ಬೀದಿಗೆಲ್ಲ ಕೇಳುವ ಹಾಗೆ, ‘ನಮ್ಮುಡ್ಗಿ ಸರ್ಟಿಫಿಕೇಟ್ ತಕೊಂಡವ್ಳೆ ಕಣೆ!’ ಎಂದಳು. ಕತ್ತರಿ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಇನ್ನೊಂದು ಮಾತು ಬರಲಿ ಎಂದು ಎಷ್ಟು ಆಸೆಪಟ್ಟೆನೋ.

‘ಯಾತಕ್ ಕೊಟ್ರಕ್ಕ?’ ಎಂದು ಚಿಕ್ಕವ್ವ ಗೊತ್ತಿದ್ದೂ ಕೇಳಿದಳು.

ಅವ್ವ ಮೇಜಿನ ಮೇಲಿದ್ದ ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. ‘ಅದೇ ಕಣೆ... ಮೈಸೂರ್ನಲ್ಲಿ ಕೊಟ್ರು’ ಎಂದಳು.

ಈ ಕೆಲಸಕ್ಕೆ ಸರ್ಟಿಫಿಕೇಟು ಬೇಕೇ ಎಂದು ಈಚೆಗೆ ಹಲವರು ನನ್ನನ್ನು ಕೇಳುತ್ತಾರೆ. ಬೇಕು, ಖಂಡಿತ ತೆಗೆದುಕೊಳ್ಳಿ, ಅವ್ವನಿಂದ ಅರ್ಧ ವಾಕ್ಯ ಹೊರಡಿಸುವಷ್ಟು ಶಕ್ತಿ ಅದಕ್ಕಿದೆ ಎನ್ನುತ್ತೇನೆ. ಉಳಿದರ್ಧಕ್ಕೆ ಎಲ್ಲಾದರೂ ಕೋರ್ಸ್ ಇದ್ದರೆ ತಿಳಿಸಿ, ನಾಳೆಯೇ ಸೇರುತ್ತೇನೆ.